ಊರಲ್ಲಿ ಅಪ್ಪ-ಅಮ್ಮನ ಬಿಪಿ ಎಷ್ಟಿದೆ, ಗೊತ್ತಾ?

ನಾಶಿಕ್‌ನಲ್ಲಿ, ಸಂಭಾಜಿನಗರದಲ್ಲಿ ಕೂತು ಕೇಳ್ತಾ ಇರೋ ನಮ್ಮ ಕನ್ನಡದ ಮಂದಿಗೆ ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ನಿಮ್ಮ ಹಾಗೇ ಸಾಫ್ಟ್‌ವೇರ್‌ನವನು. ಆರೋಗ್ಯದ ಅಂಕಿ-ಅಂಶಗಳ ಮೇಲೆ ಕೆಲಸ ಮಾಡ್ತೀನಿ. ಇವತ್ತಿನ ವಿಷಯ ಮಿದುಳು ಮತ್ತು ನರಗಳ ಕಾಯಿಲೆ.

2024ರಲ್ಲಿ 'ಲ್ಯಾನ್ಸೆಟ್ ನ್ಯೂರಾಲಜಿ' ಪತ್ರಿಕೆಯಲ್ಲಿ ಒಂದು ಜಾಗತಿಕ ಅಧ್ಯಯನ ಬಂತು. 2021ರಲ್ಲಿ 340 ಕೋಟಿ ಜನರಿಗೆ, ಅಂದ್ರೆ ಜಗತ್ತಿನ ಶೇ. 43 ಮಂದಿಗೆ, ನರಮಂಡಲದ ಯಾವುದಾದರೂ ಒಂದು ತೊಂದರೆ ಇತ್ತು ಅನ್ನುತ್ತೆ ಅದು. ಇದರಲ್ಲಿ ಮೈಗ್ರೇನ್ ಕೂಡ ಸೇರಿದೆ, ಗಾಬರಿ ಬೇಡ. ಆದರೆ ಆಯುಷ್ಯವನ್ನೂ ದುಡಿಯುವ ವರ್ಷಗಳನ್ನೂ ಎಲ್ಲಕ್ಕಿಂತ ಹೆಚ್ಚು ಕಿತ್ತುಕೊಳ್ಳೋದು ಪಾರ್ಶ್ವವಾಯು. ನಮ್ಮ ಕಡೆ 'ಲಕ್ವಾ ಹೊಡೀತು' ಅಂತೀವಲ್ಲ, ಅದೇ. ಇಲ್ಲಿ ಮರಾಠಿಯಲ್ಲೂ ಲಕ್ವಾ ಅಂದ್ರೆ ತಿಳಿಯುತ್ತೆ. ಎಲ್ಲಕ್ಕಿಂತ ವೇಗವಾಗಿ ಏರ್ತಿರೋದು ಸಕ್ಕರೆ ಕಾಯಿಲೆಯಿಂದ ಬರುವ ನರದೌರ್ಬಲ್ಯ, ಪಾದ ಉರಿಯೋದು, ಜೋಮು ಹಿಡಿಯೋದು. 1990ಕ್ಕಿಂತ ಮೂರು ಪಟ್ಟು ಮೀರಿದೆ.

ಈಗ ನಮ್ಮ ನಾಡಿಗೆ ಬರೋಣ. ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ನಿಮ್ಹಾನ್ಸ್ ತಜ್ಞರು 1,02,557 ಜನರ ಸಮೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದರು. ಹಳ್ಳಿಗಳಲ್ಲಿ ನರರೋಗದ ಪ್ರಮಾಣ ನಗರಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಇತ್ತು. ಕಾಯಿಲೆ ಹಳ್ಳಿಯಲ್ಲಿ, ನರರೋಗ ತಜ್ಞರು ನಗರದಲ್ಲಿ. ನಾವೂ ನಗರದಲ್ಲಿ, ಅಪ್ಪ-ಅಮ್ಮ ಹಳ್ಳಿಯಲ್ಲಿ.

ನಮ್ಮ ಕಾಕಾ ಇರೋದು ಇಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. 'ಈಗ ಆರಾಮ ಅದೀನಿ' ಅಂತ ಬಿಪಿ ಗುಳಿಗೆ ಬಿಟ್ಟಿದ್ದರು. ಒಂದು ರಾತ್ರಿ ಊಟದ ಹೊತ್ತಿಗೆ ಬಲಗೈ ಸೋತಿತು, ಮಾತು ತೊದಲಿತು. ದಣಿವಾಗಿದೆ ಅಂತ ಮಲಗಿಸಿದರು. ವಿಜಯಪುರದ ಆಸ್ಪತ್ರೆ ಮುಟ್ಟಿದ್ದು ಮರುದಿನ ಮಧ್ಯಾಹ್ನ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದೂ ಸಿಟಿ ಸ್ಕ್ಯಾನ್ ಮಾಡಿ ರಕ್ತಸ್ರಾವ ಇಲ್ಲ ಅಂತ ನೋಡಿದ ಮೇಲೆ. ಆ ಹೊತ್ತು ಮೀರಿತ್ತು. ಕಾಕಾ ಈಗ ಎಡಗೈಯಲ್ಲೇ ರೊಟ್ಟಿ ಮುರೀತಾರೆ.

ಅದೇ ಅಧ್ಯಯನದಲ್ಲಿ ಧೈರ್ಯ ಕೊಡುವ ಮಾತೂ ಇದೆ. 18 ಅಪಾಯಕಾರಿ ಅಂಶಗಳನ್ನು ಹತೋಟಿಗೆ ತಂದರೆ ಪಾರ್ಶ್ವವಾಯುವಿನ ಹೊರೆಯಲ್ಲಿ ಶೇ. 84ರಷ್ಟನ್ನು ತಪ್ಪಿಸಬಹುದು. ಅದರಲ್ಲಿ ಮೊದಲನೆಯದು ಬಿಪಿ. ಸಕ್ಕರೆ, ತಂಬಾಕು, ಹೊಗೆ ತುಂಬಿದ ಗಾಳಿ ಕೂಡ ಆ ಪಟ್ಟಿಯಲ್ಲಿವೆ.

ಹಾಗಾದ್ರೆ ದೂರದಲ್ಲಿರೋ ನಾವು ಏನು ಮಾಡಬಹುದು? ಊರಿಗೆ ಒಂದು ಡಿಜಿಟಲ್ ಬಿಪಿ ಮಷೀನ್ ಕಳಿಸಿ. ಭಾನುವಾರದ ವಿಡಿಯೋ ಕಾಲ್‌ನಲ್ಲಿ 'ಊಟ ಆಯ್ತಾ' ಅಂದ ಮೇಲೆ 'ಬಿಪಿ ಎಷ್ಟು, ಗುಳಿಗೆ ಮುಗಿದಾವೇನು' ಅಂತಾನೂ ಕೇಳಿ. ಡಾಕ್ಟರ್ ಹೇಳದೆ ಗುಳಿಗೆ ನಿಲ್ಲಿಸಬಾರದು ಅಂತ ಹೇಳ್ತಾ ಇರಿ.

ಬಾಯಿ ಸೊಟ್ಟಗಾಯ್ತು, ಕೈ ಸೋತಿತು, ಮಾತು ತೊದಲಿತು, ಈ ಮೂರರಲ್ಲಿ ಒಂದು ಕಂಡರೂ ಗಡಿಯಾರ ನೋಡಿ ಹೊರಡಬೇಕು. 108 ಎರಡೂ ರಾಜ್ಯಗಳಲ್ಲಿದೆ, ಆದರೆ ಕರೆ ಊರಿಂದಲೇ ಹೋಗಬೇಕು. ನಾಶಿಕ್‌ನಲ್ಲಿ ಕೂತು ಒತ್ತಿದರೆ ಇಲ್ಲಿನ ಕೇಂದ್ರಕ್ಕೆ ಹೋಗುತ್ತೆ. ಆದ್ದರಿಂದ ಪಕ್ಕದ ಮನೆಯವರ ನಂಬರ್ ಇಟ್ಕೊಳ್ಳಿ. ಹತ್ತಿರದಲ್ಲಿ ರಾತ್ರಿಯೂ ಸಿಟಿ ಸ್ಕ್ಯಾನ್ ನಡೆಯುವ ಆಸ್ಪತ್ರೆ ಯಾವುದು ಅಂತ ಇವತ್ತೇ ವಿಚಾರಿಸಿ.

ಇನ್ನೊಂದು ಮಾತು. 2022ರಲ್ಲಿ ಕರ್ನಾಟಕ ಸರ್ಕಾರ ನಿಮ್ಹಾನ್ಸ್ ಜೊತೆ ಮಿದುಳು ಆರೋಗ್ಯ ಯೋಜನೆ ಶುರು ಮಾಡಿತು. ಕೋಲಾರ, ಚಿಕ್ಕಬಳ್ಳಾಪುರದಂಥ ಕಡೆ ಮೊದಲಾಗಿ ಮುಂದೆ ಬೇರೆ ಜಿಲ್ಲೆಗಳಿಗೂ ಹಬ್ಬಿತು. ಊರಿಗೆ ಹೋದಾಗ ಜಿಲ್ಲಾಸ್ಪತ್ರೆಯಲ್ಲಿ 'ಮಿದುಳು ಆರೋಗ್ಯ ಕ್ಲಿನಿಕ್ ಯಾವ ದಿನ' ಅಂತ ಕೇಳಿ ಬನ್ನಿ. ಹಾಗೇ ನಿಮ್ಮ ಬಿಪಿಯನ್ನೂ ಒಮ್ಮೆ ನೋಡಿಸಿ. ಮೂವತ್ತೈದು ದಾಟಿದ ಎಷ್ಟೋ ಜನ ಇಲ್ಲೇ ಕೂತಿದೀವಿ.

ಪ್ರಶ್ನೆ ಇದ್ದರೆ ಕೇಳಿ.