ಕಟ್ಟಿಗೆ ತುಂಡಿನ ಆಟ, ಕೂಸಿನ ಪಾಠ

ಇಂದು ನಾವು ಕೂಸಿನ ಆಟದ ಮಾತು ಆಡೋಣ.

ಒಂದೂವರೆ ವರ್ಷದ ಕೂಸು ಏನು ಮಾಡುತ್ತದೆ? ಡಬ್ಬಿಯ ಮೇಲೆ ಡಬ್ಬಿ ಇಡುತ್ತದೆ. ಕೆಡವುತ್ತದೆ. ಮತ್ತೆ ಇಡುತ್ತದೆ. ನಾವು "ಮನಿ ತುಂಬ ಹರವಿ ಇಟ್ಟೈತಿ" ಅಂತ ಬೈತೀವಿ. ಆದರೆ ಅದು ಬರೇ ಆಟ ಅಲ್ಲ. ಅದೇ ಕೂಸಿನ ಸಾಲಿ.

ನಮ್ಮ ಗೋಕಾಕ ಕರದಂಟಿಗೆ ಹೆಸರು. ಕಟ್ಟಿಗೆ ಗೊಂಬೆಗೂ ಹೆಸರು. ಜೀನಗಾರ ಮನೆತನದವರು ಹಗುರ ಕಟ್ಟಿಗೆ ಕೆತ್ತಿ, ಬಣ್ಣ ಹಚ್ಚಿ, ಹಣ್ಣು, ಕಾಯಿ, ಗೊಂಬೆ ಮಾಡುತ್ತ ಬಂದಿದ್ದಾರೆ. ಅವು ನೋಡಲು ಬಲು ಚಂದ. ಆದರೆ ಸಣ್ಣ ಕೂಸು ಕಲಿಯಲು ಬಣ್ಣವಿಲ್ಲದ ಹತ್ತು ಕಟ್ಟಿಗೆ ತುಂಡು ಸಾಕು.

ಜರ್ಮನಿ ದೇಶದಲ್ಲಿ ಫ್ರೋಬೆಲ್ ಎಂಬ ಮಾಸ್ತರ ಇದ್ದರು. 1837ರಲ್ಲಿ ಅವರು ಸಣ್ಣ ಮಕ್ಕಳ ಸಾಲಿ ತೆರೆದರು. ಮಕ್ಕಳ ಕೈಗೆ ಕಟ್ಟಿಗೆಯ ಚೌಕ ತುಂಡು ಕೊಟ್ಟು ಕಲಿಸಿದರು. ನಮ್ಮಲ್ಲಿ ಮೂರು ವರ್ಷ ತುಂಬಿದ ಮಕ್ಕಳು ಕಲಿಯಲು ಅಂಗನವಾಡಿಗೆ ಹೋಗುತ್ತಾರೆ. ಅಲ್ಲಿಯ ತನಕ ಕಲಿಸುವವರು ಯಾರು? ಮನೆಯವರೇ.

ಈ ಆಟದಲ್ಲಿ ಕೂಸು ಏನು ಕಲಿಯುತ್ತದೆ?

ಕಣ್ಣು ನೋಡಿದ ಕಡೆ ಕೈ ಹೋಗುತ್ತದೆ. ಬೆರಳಿಗೆ ಹಿಡಿತ ಬರುತ್ತದೆ. ಮುಂದೆ ಪೆನ್ಸಿಲ್ ಹಿಡಿಯುವುದು ಇದೇ ಬೆರಳು. ದೊಡ್ಡದು ಕೆಳಗೆ ಇಟ್ಟರೆ ನಿಲ್ಲುತ್ತದೆ, ಸಣ್ಣದು ಕೆಳಗೆ ಇಟ್ಟರೆ ಬೀಳುತ್ತದೆ ಎಂದು ತಿಳಿಯುತ್ತದೆ. ಬಿದ್ದದ್ದನ್ನು ಮತ್ತೆ ಕಟ್ಟುವ ತಾಳ್ಮೆ ಬರುತ್ತದೆ.

ಮಾತೂ ಬರುತ್ತದೆ. ಆದರೆ ಜೊತೆಗೆ ನಾವು ಮಾತಾಡಬೇಕು. "ಒಂದು ಇಟ್ಟಿ. ಎರಡು ಇಟ್ಟಿ. ಇದು ಮ್ಯಾಲ, ಇದು ಕೆಳಗ. ಅಯ್ಯ, ಬಿತ್ತು!" ಇಷ್ಟು ಸಾಕು.

ಒಂದೂಕಾಲು ವರ್ಷದ ಸುಮಾರಿಗೆ ಕೂಸು ಎರಡು ತುಂಡು ಏರಿಸುತ್ತದೆ. ಎರಡು ವರ್ಷಕ್ಕೆ ಸುಮಾರು ಆರು. ಮೂರಕ್ಕೆ ಒಂಬತ್ತು-ಹತ್ತು. ಎಲ್ಲ ಕೂಸು ಒಂದೇ ಸಮ ಅಲ್ಲ. ತುಸು ಹಿಂದೆ-ಮುಂದೆ ಆದೀತು. ತೀರ ಹಿಂದೆ ಅನ್ನಿಸಿದರೆ ಅಂಗನವಾಡಿ ಅಕ್ಕೋರಿಗೆ ಹೇಳಿರಿ. ಡಾಕ್ಟರಿಗೆ ತೋರಿಸಿರಿ.

ತುಂಡು ಎಲ್ಲಿ ಸಿಗುತ್ತವೆ? ಮೂಡಲಗಿ ಇರಲಿ, ಹುಕ್ಕೇರಿ ಇರಲಿ, ಬಡಿಗೇರರ ಹತ್ತಿರ ಉಳಿದ ತುಂಡು ಇರುತ್ತವೆ. ಎರಡು ಇಂಚಿನಷ್ಟು ಕೊಯ್ಸಿರಿ. ಸಿಬರು ಇಲ್ಲದಂತೆ ಪಾಲಿಶ್ ಪೇಪರಿನಿಂದ ಉಜ್ಜಿಸಿರಿ. ಕೂಸಿನ ಬಾಯೊಳಗೆ ಹೋಗುವಷ್ಟು ಸಣ್ಣ ತುಂಡು ಬೇಡ, ಗಂಟಲಿಗೆ ಸಿಕ್ಕೀತು. ಮನೆಗೆ ಹಚ್ಚುವ ಬಣ್ಣ ಹಚ್ಚಬೇಡಿರಿ. ಕೂಸು ನೆಕ್ಕುತ್ತದೆ.

ನಮಗೆ ಕಬ್ಬಿನ ಕೆಲಸ, ಕಳೆ ಕೆಲಸ, ರೊಟ್ಟಿ ಕೆಲಸ. ಕೂಸು ಅತ್ತರೆ ಮೊಬೈಲ್ ಕೊಟ್ಟು ಸುಮ್ಮನಾಗಿಸುತ್ತೇವೆ. ಎರಡು ವರ್ಷ ತುಂಬುವ ತನಕ ಮೊಬೈಲ್, ಟೀವಿ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೊಬೈಲ್ ಕೂಸಿಗೆ ಕೆಲಸ ಕೊಡುವುದಿಲ್ಲ. ತುಂಡು ಕೊಡುತ್ತದೆ.

ಒಲೆಯಿಂದ ದೂರ, ನಮ್ಮ ಕಣ್ಣಿಗೆ ಕಾಣುವಂತೆ ಕೂಸನ್ನು ಕೂಡಿಸೋಣ. ಸಂಜೆ ಹತ್ತು ನಿಮಿಷ ಜೊತೆಗೆ ಆಡೋಣ. ಅಪ್ಪನೂ ಕೂಡಲಿ, ಅಜ್ಜಿಯೂ ಕೂಡಲಿ. ಗಂಡಿಗೆ ತುಂಡು, ಹೆಣ್ಣಿಗೆ ಬರೇ ಗೊಂಬೆ ಎಂಬ ಭೇದ ಬೇಡ. ಹೆಣ್ಣು ಕೂಸೂ ಮನೆ ಕಟ್ಟಲಿ, ಸೇತುವೆ ಕಟ್ಟಲಿ.

ನಾವು ಅಕ್ಷರಕ್ಕೆ ಅಕ್ಷರ ಜೋಡಿಸಿ ಓದು ಕಲಿತೆವು. ಕೂಸು ತುಂಡಿಗೆ ತುಂಡು ಜೋಡಿಸುತ್ತದೆ. ಕಟ್ಟಿದ್ದು ಬಿದ್ದಾಗ ಬೈಯುವುದು ಬೇಡ. "ಮತ್ತ ಕಟ್ಟು, ಮಗಾ" ಅನ್ನೋಣ.