ತೋಟ ಬಿಟ್ಟು ಹದಿನಾಲ್ಕು ದಿನ: ಅಪ್ಪ ಅಮ್ಮನಿಗೆ ಲಂಡನ್ ತೋರಿಸುವ ತಯಾರಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಅವಕಾಶಗಳು’ ಅಂತ ವಿಷಯ ಕೊಟ್ಟಿದ್ದರು. ಅದನ್ನು ಹೇಳುವವರು ಈಗ ಬೇಕಾದಷ್ಟಿದ್ದಾರೆ. ಆದರೆ ಊರಿಗೆ ಬಂದಾಗಲೆಲ್ಲ ಹಿರಿಯರು ನನ್ನನ್ನು ಕೇಳುವ ಪ್ರಶ್ನೆ ಬೇರೆ: "ನಿಮ್ಮಪ್ಪ ಅಮ್ಮನ್ನ ಲಂಡನ್ನಿಗೆ ಹೆಂಗಪ್ಪ ಕರ್ಕೊಂಡು ಹೋದೆ? ನಮ್ಮ ಹುಡುಗನೂ ಕರೀತಾನೆ, ಆದರೆ ಅದೆಲ್ಲ ನಮ್ಮಂಥೋರಿಗೆ ಆಗುತ್ತಾ?" ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಮಕ್ಕಳು ಹೊರದೇಶದಲ್ಲಿರುವ ಮನೆಗಳು ಈಗ ಹೆಚ್ಚು. ಅಪ್ಪ ಅಮ್ಮ ಒಮ್ಮೆಯೂ ಹೋಗದ ಮನೆಗಳೂ ಹೆಚ್ಚು. ಆದ್ದರಿಂದ ಸಮಿತಿಯವರ ಒಪ್ಪಿಗೆ ಪಡೆದು ಅದನ್ನೇ ಹೇಳುತ್ತೇನೆ.

ಕಂಪನಿ ಕೆಲಸದ ಮೇಲೆ ನಾನು ಲಂಡನ್ನಿನಲ್ಲಿದ್ದಾಗ, 2024ರ ಜೂನ್‌ನಲ್ಲಿ, ಅವರಿಬ್ಬರೂ ಬಂದರು. ಜೂನ್ ಯಾಕೆ ಅಂದರೆ, ಅಲ್ಲಿ ಬೇಸಿಗೆ ಅನ್ನುವುದು ಒಂದು ಕಾರಣ, ಹೊಲ ಇನ್ನೊಂದು. ಹೆಸರು ಬಿತ್ತಿ ಆಗಿರಬೇಕು, ಕಾಯಿ ಬಿಡಿಸುವಷ್ಟು ಬಲಿತಿರಬಾರದು, ರಾಗಿಗೆ ಹೊಲ ಹಸನು ಮಾಡುವ ಕೆಲಸ ಶುರುವಾಗಿರಬಾರದು. ಆ ಸಂದಿನಲ್ಲಿ ಸಿಕ್ಕಿದ್ದು ಹದಿನಾಲ್ಕು ದಿನ. ಎರಡು ಹಸು, ಒಂದು ಬೋರ್‌ವೆಲ್ ನೋಡಿಕೊಳ್ಳಲು ಚಿಕ್ಕಪ್ಪ ಒಪ್ಪಿದ ಮೇಲೆಯೇ ನಾನು ಟಿಕೆಟ್ ಮಾಡಿದ್ದು. ವಿಮಾನದ ದರ ನೋಡಿ ದಿನಾಂಕ ಗೊತ್ತು ಮಾಡಬೇಡಿ, ಮನೆಯಲ್ಲಿ ಹಸು ಯಾರು ಕರೆಯುತ್ತಾರೆ ಅನ್ನುವುದನ್ನು ಮೊದಲು ಗೊತ್ತು ಮಾಡಿ.

ನಿಜವಾದ ಕಷ್ಟ ಇದ್ದದ್ದು ಕಾಗದಗಳಲ್ಲಿ. ಪಹಣಿಯಲ್ಲಿ ಅಪ್ಪನ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ, ಬ್ಯಾಂಕಿನಲ್ಲಿ ಬರೀ ಇನಿಷಿಯಲ್. ಪಾಸ್‌ಪೋರ್ಟ್ ಬಂದ ಮೇಲೆ ಇದನ್ನು ತಿದ್ದಲು ಹೊರಟರೆ ಎರಡು ಪಟ್ಟು ಓಡಾಟ. ಮೊದಲು ಆಧಾರ್ ಸರಿ ಮಾಡಿಸಿಕೊಳ್ಳಿ. ಅಪ್ಪ ಈ ಶಾಲೆಯ ಎರಡನೇ ತಂಡದವರು. ಹುಟ್ಟಿದ ದಿನಾಂಕಕ್ಕೆ ಆಧಾರವಾಗಿ ನಮಗೆ ಸಿಕ್ಕಿದ್ದು ಇದೇ ಶಾಲೆಯ ದಾಖಲಾತಿ ಪುಸ್ತಕ. ಗೆದ್ದಲು ಹಿಡಿಯದಂತೆ ಅದನ್ನು ಕಾಪಾಡಿದ ಎಲ್ಲ ಗುಮಾಸ್ತರಿಗೂ ನಾನು ಇಲ್ಲಿ ಕೈಮುಗಿಯುತ್ತೇನೆ. ಅಮ್ಮ ಶಾಲೆಗೆ ಹೋದದ್ದು ನಾಲ್ಕನೇ ತರಗತಿವರೆಗೆ, ಬೇರೆ ಊರಲ್ಲಿ. ಅದನ್ನು ಹುಡುಕಲು ಮೂರು ತಿಂಗಳು ಹಿಡಿಯಿತು.

ಆಮೇಲೆ ವೀಸಾ. ಹೊರಡುವ ದಿನಕ್ಕೆ ಮೂರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಬೆಂಗಳೂರಿನ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರದಲ್ಲಿ ಉತ್ತರ ಬರುತ್ತದೆ. ವೀಸಾ ಸಿಗದಿದ್ದರೆ ಶುಲ್ಕ ವಾಪಸ್ ಬರುವುದಿಲ್ಲ. ನಮ್ಮ ಮಕ್ಕಳು ಮಾಸಿಕ ಸಂಬಳದ ಚೀಟಿ ತೋರಿಸಿಬಿಡುತ್ತಾರೆ. ತೋಟದವರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಅರ್ಜಿ ನೋಡುವ ಅಧಿಕಾರಿಗೆ ಮುಖ್ಯವಾಗಿ ಗೊತ್ತಾಗಬೇಕಾದ್ದು ಎರಡು: ಖರ್ಚಿಗೆ ಹಣ ಎಲ್ಲಿಂದ, ಮತ್ತು ಇವರು ವಾಪಸ್ ಹೋಗುತ್ತಾರೋ ಇಲ್ಲವೋ.

ಈ ಎರಡನೆಯದನ್ನು ಕೇಳಿ ಅಪ್ಪನಿಗೆ ಸಿಟ್ಟೇ ಬಂತು. "ನೂರಿಪ್ಪತ್ತು ತೆಂಗಿನ ಮರ ಬಿಟ್ಟು ಅಲ್ಲೇನು ಮಾಡಲಿ ನಾನು?" ಅಂದರು. ನಾವು ಅರ್ಜಿಯ ಜೊತೆ ಇಟ್ಟ ಪತ್ರದಲ್ಲಿ ಬರೆದದ್ದೂ ಬಹುತೇಕ ಅದೇ ಮಾತು, ಸ್ವಲ್ಪ ಮೆತ್ತಗೆ. ಜೊತೆಗೆ ಪಹಣಿ, ಎಪಿಎಂಸಿಯಲ್ಲಿ ಕೊಬ್ಬರಿ ಮಾರಿದ ರಸೀದಿಗಳು, ಆ ಹಣ ಜಮೆಯಾದ ಬ್ಯಾಂಕ್ ಪುಟಗಳು, ನನ್ನ ಆಹ್ವಾನ ಪತ್ರ. ರಸೀದಿಯ ಮೊತ್ತವೂ ಬ್ಯಾಂಕಿನ ಜಮೆಯೂ ಒಂದಕ್ಕೊಂದು ತಾಳೆಯಾಗಬೇಕು. ಅರ್ಜಿಗೆ ಮುಂಚೆ ಯಾರದೋ ಕೈಯಿಂದ ದೊಡ್ಡ ಮೊತ್ತ ಖಾತೆಗೆ ಹಾಕಿಸಿದರೆ ಅದೇ ಅನುಮಾನಕ್ಕೆ ದಾರಿ. ಪಟ್ಟಣದ ಒಬ್ಬ ಏಜೆಂಟರು ನಮಗೂ ಅದನ್ನೇ ಮಾಡಿ ಅಂದರು. ನಾವು ಎದ್ದು ಬಂದೆವು. ಹೌದು, ಕೊಬ್ಬರಿ ಹಣ ವರ್ಷಕ್ಕೆ ಒಂದೆರಡು ಸಲ ಗುಂಪಾಗಿ ಬರುತ್ತದೆ. ಅದಕ್ಕೇ ಕಾಯಿ ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಒಣಗಿ ಉಂಡೆ ಕೊಬ್ಬರಿ ಆಗುವುದನ್ನು ನಾಲ್ಕು ಸಾಲಿನಲ್ಲಿ ವಿವರಿಸಿದೆವು. ತೋಟವೇ ಕಾಣದ ಅಧಿಕಾರಿಗೆ ಅದು ತಾನಾಗಿ ತಿಳಿಯುವುದಿಲ್ಲ.

ಕನ್ನಡದ ಕಾಗದಗಳಿಗೆಲ್ಲ ಪ್ರಮಾಣೀಕರಿಸಿದ ಇಂಗ್ಲಿಷ್ ಅನುವಾದ ಬೇಕು. ಪಹಣಿಯ ‘ಬಿನ್’, ‘ಕೋಂ’ ಹಾಗೆಯೇ ಉಳಿದರೆ ಅದೂ ಹೆಸರಿನ ಭಾಗ ಅಂದುಕೊಳ್ಳುತ್ತಾರೆ. ‘ಮಗ’, ‘ಹೆಂಡತಿ’ ಎಂದೇ ಅನುವಾದಿಸಲು ಹೇಳಿ.

ಹದಿನೆಂಟನೇ ದಿನಕ್ಕೆ ವೀಸಾ ಬಂತು. ಅಮ್ಮ ಮೊದಲು ಮಾಡಿದ್ದು ಗಂಟು ಕಟ್ಟುವ ಕೆಲಸ. ಇಲ್ಲಿ ತಿಪಟೂರಿನವರು ತಿಳಿದಿರಲೇಬೇಕಾದ ಒಂದು ಸಂಗತಿ: ವಿಮಾನದ ಬ್ಯಾಗಿನಲ್ಲಿ ಒಣ ಕೊಬ್ಬರಿ ಒಯ್ಯುವಂತಿಲ್ಲ. ಎಣ್ಣೆ ಹೆಚ್ಚಿರುವುದರಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಸರಕು ಅಂತ ಕೊಬ್ಬರಿಗೆ ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ 1363 ಎಂಬ ಸಂಖ್ಯೆಯೇ ಇದೆ. "ನಮ್ಮ ಅಟ್ಟದ ತುಂಬ ಇದೆಯಲ್ಲೋ, ಅದರ ಕೆಳಗೇ ಮಲಗ್ತೀವಲ್ಲೋ" ಅಂತ ಅಮ್ಮ ನಕ್ಕರು. ಹಸಿ ತೆಂಗಿನಕಾಯಿಗೆ ಬ್ರಿಟನ್ನಿನವರು ಸಸ್ಯ ಪ್ರಮಾಣಪತ್ರ ಕೇಳುವುದಿಲ್ಲ. ಆದರೆ ತುಪ್ಪ, ಹಾಲಿನ ಸಿಹಿ ಬಿಡುವುದಿಲ್ಲ. ಬಿಪಿ, ಸಕ್ಕರೆ ಮಾತ್ರೆಗಳನ್ನು ವೈದ್ಯರ ಚೀಟಿ ಸಮೇತ ಕೈಚೀಲದಲ್ಲೇ ಇಡಿ. ಪ್ರಯಾಣ ವಿಮೆ ಮಾಡಿಸಿ. ಪ್ರವಾಸಿಗರು ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಒಳರೋಗಿಯಾದರೆ ಬಿಲ್ಲು ಕಟ್ಟಬೇಕು.

ಖರ್ಚು ಹೇಳದಿದ್ದರೆ ನೀವು ಬಿಡುವುದಿಲ್ಲ. ಇಬ್ಬರ ವಿಮಾನ ಟಿಕೆಟ್ಟಿಗೆ 1,40,000 ರೂಪಾಯಿ ಆಯಿತು. ಆ ವರ್ಷ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 12,000. ಅಪ್ಪ ತಕ್ಷಣ ಲೆಕ್ಕ ಹಾಕಿದರು: ಹನ್ನೆರಡು ಕ್ವಿಂಟಾಲಿಗೆ ಸ್ವಲ್ಪ ಕಮ್ಮಿ. ಅಲ್ಲಿಗೆ ಹೋದ ಮೇಲೂ ಎಲ್ಲವನ್ನೂ ಕೊಬ್ಬರಿಯಲ್ಲೇ ಅಳೆದರು. ಲಂಡನ್ ಟವರಿನಲ್ಲಿ ಕೊಹಿನೂರ್ ಇದೆ, ಟಿಕೆಟ್ ಮೂವತ್ತು ಪೌಂಡಿಗೂ ಮೇಲೆ ಅಂದೆ. "ತಲೆಗೆ ಇಪ್ಪತ್ತೈದು ಕೆಜಿಗೂ ಮೇಲೆ ಕೊಬ್ಬರಿ ಕೊಟ್ಟು ನಮ್ಮ ವಜ್ರ ನಾವೇ ನೋಡಬೇಕಾ?" ಅಂದರು. ಹೊರಗಿನಿಂದ ಕೋಟೆ ನೋಡಿ ಬಂದೆವು.

ಆ ಊರಿನ ಪುಣ್ಯ, ದೊಡ್ಡ ದೊಡ್ಡ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ. ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಿಪ್ಪುವಿನ ಮರದ ಹುಲಿ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಹೊತ್ತೊಯ್ದದ್ದು. ಹುಲಿ ಸಿಪಾಯಿಯ ಮೇಲೆ ಬಿದ್ದಿದೆ, ಒಳಗೆ ಸದ್ದು ಮಾಡುವ ಯಂತ್ರವಿದೆ. ಅಮ್ಮ ಅದರ ಮುಂದೆ ನಿಂತಷ್ಟು ಹೊತ್ತು ಬೇರೆಲ್ಲೂ ನಿಲ್ಲಲಿಲ್ಲ. ಪಾರ್ಲಿಮೆಂಟಿನ ಚರ್ಚೆಯನ್ನೂ ಗ್ಯಾಲರಿಯಲ್ಲಿ ಕೂತು ಪುಕ್ಕಟೆ ನೋಡಬಹುದು.

ದಿನಕ್ಕೆ ಒಂದೇ ಜಾಗ ಅಂತ ನಾನು ಗೊತ್ತು ಮಾಡಿದ್ದೆ. ಯುವಕರು ಮಾಡುವ ಹಾಗೆ ಎರಡು ದಿನಕ್ಕೆ ಹತ್ತು ಜಾಗ ಅಂದರೆ ಅರವತ್ತು ದಾಟಿದ ಮಂಡಿ ಕೇಳುವುದಿಲ್ಲ. ಅಲ್ಲಿನ ನೆಲದಡಿಯ ರೈಲು 1863ರಷ್ಟು ಹಳೆಯದು. ಅರ್ಧಕ್ಕೂ ಹೆಚ್ಚು ನಿಲ್ದಾಣಗಳಲ್ಲಿ ಮೆಟ್ಟಿಲು ತಪ್ಪುವುದಿಲ್ಲ. ಅದಕ್ಕೇ ನಾವು ಕೆಂಪು ಡಬಲ್ ಡೆಕರ್ ಬಸ್ಸು ಹಿಡಿದೆವು. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡು ಮುಟ್ಟಿಸಬೇಕು, ತಲೆಗೊಂದು ಕಾರ್ಡು. ಒಂದು ಗಂಟೆಯೊಳಗೆ ಎಷ್ಟು ಬಸ್ಸು ಹತ್ತಿದರೂ ಒಂದೇ ದರ, ಆಗ 1.75 ಪೌಂಡ್. ಮೆಟ್ಟಿಲು ಹತ್ತಲು ಆಗುವ ದಿನ ಮಹಡಿಯ ಮುಂದಿನ ಸೀಟು ಸಿಕ್ಕರೆ ಅದಕ್ಕಿಂತ ಒಳ್ಳೆಯ ಪ್ರವಾಸವಿಲ್ಲ.

ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನ ಪ್ರತಿಮೆ ಇದೆ, ನದಿಯಾಚೆಗೆ ಪಾರ್ಲಿಮೆಂಟು. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿಯ ಡಾ. ನೀರಜ್ ಪಾಟೀಲ್ ಅವರ ಪ್ರಯತ್ನದಿಂದ ಆದದ್ದು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿಯವರು ಅನಾವರಣ ಮಾಡಿದರು. ಅಪ್ಪ ಚಪ್ಪಲಿ ಬಿಟ್ಟು, ತಣ್ಣನೆ ಗಾಳಿಯಲ್ಲಿ ಕಾಲುಚೀಲದಲ್ಲೇ ನಿಂತರು. ಪಕ್ಕದಲ್ಲಿ ಓಡುತ್ತಿದ್ದ ಒಬ್ಬ ಬಿಳಿಯ ನಿಂತು ಇದು ಯಾರು ಅಂತ ಕೇಳಿದ. ಅಪ್ಪ ನನ್ನನ್ನು ಕೇಳದೆ ಕನ್ನಡದಲ್ಲೇ ಹೇಳಲು ಶುರು ಮಾಡಿದರು. ನಾನು ಅನುವಾದ ಮಾಡಿದೆ. ಆತ ಹತ್ತು ನಿಮಿಷ ಕೇಳಿದ.

ಮಕ್ಕಳಿಗಾಗಿ ಒಂದು ಮಾತು. ಗ್ರೀನಿಚ್ಚಿಗೂ ಹೋಗಿದ್ದೆವು. ನಮ್ಮ ಭೂಗೋಳದ ಮೇಷ್ಟ್ರು ಇಲ್ಲೇ ಬೋರ್ಡಿನ ಮೇಲೆ ಎಳೆದ ಸೊನ್ನೆ ಡಿಗ್ರಿ ಗೆರೆ ಅಲ್ಲಿ ನೆಲದ ಮೇಲೆ ಇದೆ. ಭಾರತದ ಗಡಿಯಾರ 82.5 ಡಿಗ್ರಿಯದು, ಹದಿನೈದು ಡಿಗ್ರಿಗೆ ಒಂದು ಗಂಟೆಯಂತೆ ಐದೂವರೆ ಗಂಟೆ. ತಿಪಟೂರು ಇರುವುದು ಸುಮಾರು 76.5 ಡಿಗ್ರಿಯಲ್ಲಿ. ಹಾಗಾದರೆ ನಮ್ಮೂರಿನ ಸೂರ್ಯ ಗಡಿಯಾರಕ್ಕಿಂತ ಎಷ್ಟು ನಿಮಿಷ ತಡ? ಲೆಕ್ಕ ಮಾಡಿ ನಿಮ್ಮ ಮೇಷ್ಟ್ರಿಗೆ ತೋರಿಸಿ. ಬೇಸಿಗೆಯಲ್ಲಿ ಅವರು ಗಡಿಯಾರ ಒಂದು ಗಂಟೆ ಮುಂದಿಡುವುದರಿಂದ ನಮಗೂ ಅವರಿಗೂ ವ್ಯತ್ಯಾಸ ನಾಲ್ಕೂವರೆ ಗಂಟೆ ಮಾತ್ರ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂ ಇಪ್ಪತ್ತಕ್ಕೆ. ಮುಸ್ಸಂಜೆ ದೀಪ ಹಚ್ಚಲು ಅಮ್ಮ ಊಟ ಬಿಟ್ಟು ಕಾಯುತ್ತಿದ್ದರು. ಮೂರನೇ ದಿನ "ದೇವರಿಗೂ ಇಲ್ಲಿಯ ಟೈಮು ಗೊತ್ತಿರುತ್ತೆ" ಅಂತ ಏಳಕ್ಕೇ ಹಚ್ಚಿದರು.

ಸಮಯ ಮೀರಿತು ಅಂತ ಅಧ್ಯಕ್ಷರು ನೋಡುತ್ತಿದ್ದಾರೆ. ಊಟವಾದ ಮೇಲೆ ಒಂಬತ್ತನೇ ತರಗತಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತೇನೆ. ಆಧಾರ್, ಪಹಣಿ, ಶಾಲೆಯ ಟಿಸಿ ತಂದರೆ ಹೆಸರು ಎಲ್ಲಿ ತಾಳೆಯಾಗುತ್ತಿಲ್ಲ ಅಂತ ನೋಡಿ ಹೇಳುತ್ತೇನೆ. ನಾಳೆ ಸಂಜೆವರೆಗೂ ಊರಲ್ಲೇ ಇರುತ್ತೇನೆ.