ಇಂದಿನ ವಕೀಲಿ ವೃತ್ತಿ: ಸವಾಲುಗಳು ಮತ್ತು ನಾಯಕತ್ವ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ನೀಡಿದ ಉಪನ್ಯಾಸ)



ಐವತ್ತು ವರ್ಷ ತುಂಬಿದ ಶಾಲೆಯ ಮುಂದೆ ನಿಂತು ಮಾತನಾಡುವುದು ಭಾಗ್ಯವೂ ಹೌದು, ಸ್ವಲ್ಪ ಭಯವೂ ಹೌದು. ಪಾಠ ಹೇಳಿದ ಗುರುಗಳು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ತಪ್ಪು ಹೇಳಿದರೆ ಈಗಲೂ ಬೆಂಚಿನ ಮೇಲೆ ನಿಲ್ಲಿಸುವ ಅಧಿಕಾರ ಅವರಿಗಿದೆ. ಸಮಿತಿಯವರು ನನ್ನ ವೃತ್ತಿಯ ಬಗ್ಗೆಯೇ ಮಾತನಾಡಲು ಹೇಳಿದ್ದರಿಂದ, ಗೊತ್ತಿರುವುದನ್ನಷ್ಟೇ ಹೇಳುತ್ತೇನೆ.

ಕೋರ್ಟಿನ ಬಗ್ಗೆ ನಮ್ಮ ಜನರಲ್ಲಿ ಒಂದು ಗಾದೆ ಇದೆ: ಗೆದ್ದವನು ಸೋತ, ಸೋತವನು ಸತ್ತ. ವಕೀಲರಾದ ನಾವು ಇದನ್ನು ಕೇಳಿ ನಕ್ಕು ಸುಮ್ಮನಾಗುತ್ತೇವೆ. ಆದರೆ ಗಾದೆ ಸುಮ್ಮನೆ ಹುಟ್ಟುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಊರುಗಳ ಬಸ್ ನಿಲ್ದಾಣಗಳಲ್ಲಿ ಬೆಳಿಗ್ಗೆ ಪ್ಲಾಸ್ಟಿಕ್ ಚೀಲದಲ್ಲಿ ಪಹಣಿ, ಕ್ರಯಪತ್ರ ಇಟ್ಟುಕೊಂಡು ಇಳಿಯುವ ಮುಖಗಳನ್ನು ನೋಡಿದವರಿಗೆ ಅದರ ಅರ್ಥ ಗೊತ್ತು. ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಹೋಯಿತು, ಸಂಜೆಗೆ ಕೈಗೆ ಸಿಕ್ಕಿದ್ದು ಮುಂದಿನ ತಾರೀಖು.

ಜನರ ಈ ಅನುಮಾನ ಕಾನೂನಿನೊಳಗೇ ಒಮ್ಮೆ ಬಂದು ಕುಳಿತಿತ್ತು. ಉಳುವವನೇ ಭೂಮಿಯ ಒಡೆಯ ಎಂದು ಕರ್ನಾಟಕದ ಭೂಸುಧಾರಣಾ ಕಾಯ್ದೆ 1974ರಲ್ಲಿ ಹೊಸ ರೂಪ ಪಡೆದು ಭೂ ನ್ಯಾಯಮಂಡಳಿಗಳು ಬಂದಾಗ, ಅಲ್ಲಿ ವಕೀಲರು ಹಾಜರಾಗುವಂತಿಲ್ಲ ಎಂದೇ ಕಾಯ್ದೆಯಲ್ಲಿ ಬರೆಯಲಾಗಿತ್ತು. ವಕೀಲರನ್ನಿಟ್ಟ ಭೂಮಾಲೀಕನ ಎದುರು ಬಡ ಗೇಣಿದಾರ ಸರಿಸಮನಾಗಿ ನಿಲ್ಲಲಾರ ಎಂಬುದು ಅದರ ಹಿಂದಿನ ತರ್ಕ. 1987ರಲ್ಲಿ ಸುಪ್ರೀಂ ಕೋರ್ಟ್ ಆ ನಿರ್ಬಂಧ ನಿಲ್ಲುವುದಿಲ್ಲ ಎಂದಿತು. ವಕೀಲರು ಕಾನೂನಿನಲ್ಲಿ ಗೆದ್ದೆವು, ನಿಜ. ಆದರೆ ಬಡವನಿಗೆ ನ್ಯಾಯ ಸಿಗಬೇಕಾದರೆ ವಕೀಲ ದೂರ ಇರಬೇಕು ಎಂದು ಒಂದು ಶಾಸನಸಭೆಗೆ ಯಾಕೆ ಅನಿಸಿತು ಎಂಬ ಪ್ರಶ್ನೆಗೆ ಆ ತೀರ್ಪು ಉತ್ತರ ಕೊಡುವುದಿಲ್ಲ. ಅದನ್ನು ಪ್ರತಿಯೊಬ್ಬ ವಕೀಲ ತನ್ನ ನಡವಳಿಕೆಯಲ್ಲೇ ಕೊಡಬೇಕು.

ನನ್ನ ಮಟ್ಟಿಗೆ ಈ ವೃತ್ತಿಯಲ್ಲಿ ನಾಯಕತ್ವ ಎಂದರೆ ವಕೀಲರ ಸಂಘದ ಅಧ್ಯಕ್ಷಗಿರಿಯಲ್ಲ. ಕಚೇರಿಗೆ ಬಂದ ಮನುಷ್ಯನಿಗೆ ಮೊದಲ ದಿನವೇ ನಿಜ ಹೇಳುವ ಧೈರ್ಯ ಅದು. "ಸಾರ್, ನಮ್ ಕೇಸು ಗೆಲ್ತೀವಾ?" ಎಂದು ಕೇಳಿದಾಗ "ಗೆಲ್ತೀವಿ ಬಿಡಪ್ಪ" ಎನ್ನುವುದು ಬಹಳ ಸುಲಭ. "ಯಜಮಾನ್ರೇ, ನಿಮ್ಮ ಹತ್ತಿರ ಈ ಕಾಗದ ಇಲ್ಲ, ಇಷ್ಟು ವರ್ಷ ಹಿಡಿಯಬಹುದು, ಇಷ್ಟು ಖರ್ಚು ಬರುತ್ತದೆ, ತಮ್ಮನ ಜೊತೆ ಕುಳಿತು ಮಾತನಾಡಿದರೆ ಹೀಗೆ ಮುಗಿಯಬಹುದು" ಎನ್ನುವುದು ಕಷ್ಟ. ಹಾಗೆ ಹೇಳಿದರೆ ಆತ ಎದ್ದು ಪಕ್ಕದ ವಕೀಲರ ಹತ್ತಿರ ಹೋಗಬಹುದು. ಹೋದರೂ ಹೇಳುವವನೇ ನಾಯಕ.

ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ಸದಾ ಕಾಣುವ ಪಾಲುವಿಭಾಗದ ದಾವೆಯನ್ನೇ ನೋಡಿ. ಜಂಟಿ ಸ್ವಾಧೀನದಲ್ಲಿರುವ ಆಸ್ತಿಯಲ್ಲಿ ಪಾಲು ಕೇಳಿದರೆ, 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆ ನಿಗದಿ ಮಾಡಿದ ಶುಲ್ಕ 200 ರೂಪಾಯಿ ದಾಟುವುದಿಲ್ಲ. ಬಾಗಿಲು ಇಷ್ಟು ಅಗ್ಗ, ಒಳಗಿನ ದಾರಿ ಬಹಳ ದುಬಾರಿ. ಮೊದಲು ಯಾರಿಗೆ ಎಷ್ಟು ಪಾಲು ಎಂಬ ಪ್ರಾಥಮಿಕ ಡಿಕ್ರಿ. ಅದರ ಮೇಲೆ ಮೇಲ್ಮನವಿ. ಆಮೇಲೆ ಅಂತಿಮ ಡಿಕ್ರಿಗೆ ಬೇರೆ ಅರ್ಜಿ, ಸರ್ವೆ, ನಕ್ಷೆ, ಪೋಡಿ, ಖಾತೆ ಬದಲಾವಣೆ. ಅಪ್ಪ ಹಾಕಿದ ದಾವೆಯಲ್ಲಿ ಮಗ ವಾರಸುದಾರನಾಗಿ ಸೇರುವುದು, ಆಮೇಲೆ ಮೊಮ್ಮಗ ಬರುವುದು ನಮಗೆ ಹೊಸದಲ್ಲ. ಕೇರಳದ ಒಂದು ಪ್ರಕರಣದಲ್ಲಿ 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್, ಪ್ರಾಥಮಿಕ ಡಿಕ್ರಿ ಆದ ಮೇಲೆ ಇನ್ನೊಂದು ಅರ್ಜಿಗೆ ಕಾಯದೆ ವಿಚಾರಣಾ ನ್ಯಾಯಾಲಯಗಳೇ ಅಂತಿಮ ಡಿಕ್ರಿಯತ್ತ ಮುಂದುವರಿಯಬೇಕು ಎಂದು ಹೇಳಿದೆ. ಇಂಥ ತೀರ್ಪನ್ನು ಓದಿ ತನ್ನ ಕಕ್ಷಿದಾರನಿಗೆ ಅನ್ವಯಿಸುವಂತೆ ನ್ಯಾಯಾಧೀಶರ ಗಮನಕ್ಕೆ ತರುವುದು ವಕೀಲನ ಕೆಲಸ. ತಾರೀಖು ಬೆಳೆದಷ್ಟೂ ಫೀಸು ಬೆಳೆಯುತ್ತದೆ ಎಂದು ಸುಮ್ಮನಿದ್ದರೆ, ಗಾದೆಗೆ ನಾವೇ ಸಾಕ್ಷಿ ನುಡಿದಂತೆ.

ಪಾಲಿನ ಮಾತು ಬಂದಾಗ ಇಲ್ಲಿ ಕುಳಿತಿರುವ ಅಕ್ಕತಂಗಿಯರಿಗೆ ಒಂದು ಮಾತು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು. ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರಿಗೆ ಅದು ಅನ್ವಯಿಸಲಿಲ್ಲ. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ಆ ದಿನ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಗೆಹರಿಸಿತು, ಬದುಕಿರಬೇಕಾಗಿಲ್ಲ ಎಂದಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಾಯಿತ ಪತ್ರದಿಂದ ಅಥವಾ ಕೋರ್ಟಿನ ಡಿಕ್ರಿಯಿಂದ ಆಗಿರುವ ಪಾಲನ್ನು ಈ ತಿದ್ದುಪಡಿಯ ಬಲದ ಮೇಲೆ ಮತ್ತೆ ತೆರೆಯಲಾಗುವುದಿಲ್ಲ. ಕಾನೂನು ಇಷ್ಟು ಸ್ಪಷ್ಟವಿದೆ. ಆದರೂ ಹಬ್ಬಕ್ಕೆಂದು ತವರಿಗೆ ಕರೆದು, ಸೀರೆ ಕುಪ್ಪಸ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವುದು ನಿಂತಿಲ್ಲ. ಹೆಣ್ಣುಮಗಳು ಪ್ರೀತಿಯಿಂದ ಪಾಲು ಬಿಟ್ಟುಕೊಟ್ಟರೆ ಅದು ಅವಳ ಇಷ್ಟ. ಗೊತ್ತಿಲ್ಲದೆ ಬಿಟ್ಟುಕೊಟ್ಟರೆ ಅದು ಮೋಸ. ಪತ್ರ ಬರೆಯುವ ವಕೀಲ ಅಣ್ಣನ ಕಡೆಯವನೇ ಆಗಿರಲಿ, ಆ ಕಾಗದದಲ್ಲಿ ಏನಿದೆ ಎಂದು ತಂಗಿಗೆ ಓದಿ ಹೇಳಿಸಿದರೆ ಮುಂದಿನ ಎಷ್ಟೋ ದಾವೆಗಳು ಹುಟ್ಟುವುದೇ ಇಲ್ಲ.

ನಮ್ಮ ಭಾಗಕ್ಕೆ ಇನ್ನೊಂದು ಹಳೆಯ ನೋವಿದೆ, ದೇವದಾಸಿ ಪದ್ಧತಿ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಹಾಗಾಗಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ತಡೆಯುವ 1947ರ ಮದ್ರಾಸ್ ಕಾಯ್ದೆಯೇ ಇಲ್ಲಿಗೆ ಮೊದಲು ಬಂತು. ಆಮೇಲೆ ಕರ್ನಾಟಕದ 1982ರ ಕಾಯ್ದೆ ಬಂತು. ಇಷ್ಟು ದಶಕ ಕಾನೂನು ಇದ್ದರೂ ಪದ್ಧತಿ ಕತ್ತಲಲ್ಲಿ ಉಳಿದುಕೊಂಡಿತು. ಕಾರಣ ಸರಳ: ದೂರು ಕೊಡಬೇಕಾದವರು ಮನೆಯವರೇ, ಶಿಕ್ಷೆ ಆಗಬೇಕಾದವರೂ ಮನೆಯವರೇ. ಆ ತಾಯಂದಿರ ಮಕ್ಕಳು ಶಾಲೆಗೆ ಸೇರುವಾಗ, ಜಾತಿ ಪ್ರಮಾಣಪತ್ರಕ್ಕೆ ಹೋದಾಗ, ಅಪ್ಪನ ಹೆಸರಿನ ಖಾಲಿ ಜಾಗದ ಮುಂದೆ ನಿಲ್ಲಬೇಕಾಗುತ್ತದೆ. ಅಂಥ ಮಗುವಿನ ಪಕ್ಕದಲ್ಲಿ ಒಬ್ಬ ವಕೀಲ, ಒಬ್ಬ ಮೇಷ್ಟ್ರು ನಿಂತರೆ ಕಚೇರಿಯವರ ದನಿ ತಾನೇ ಮೆತ್ತಗಾಗುತ್ತದೆ. ಇದಕ್ಕೆ ದೊಡ್ಡ ವಾದ ಬೇಕಿಲ್ಲ, ಜೊತೆಗೆ ಹೋಗಬೇಕು ಅಷ್ಟೆ.

ಜೊತೆಗೆ ಹೋಗಲು ದುಡ್ಡಿನ ಅಡ್ಡಿಯೂ ಇರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಉಚಿತ ವಕೀಲರನ್ನು ಪಡೆಯಬಹುದು. ಇವರಿಗೆ ಆದಾಯದ ಮಿತಿ ಇಲ್ಲ. ಉಳಿದ ಬಡವರಿಗೆ ಆದಾಯದ ಆಧಾರದ ಮೇಲೆ ಸಿಗುತ್ತದೆ. ಇದಕ್ಕಾಗಿಯೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. 15100 ಸಂಖ್ಯೆಗೆ ಕರೆ ಮಾಡಿದರೂ ಮಾಹಿತಿ ಸಿಗುತ್ತದೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸು ಬರುತ್ತದೆ, ಅದರ ಮೇಲೆ ಮೇಲ್ಮನವಿಯ ಅಲೆದಾಟವಿಲ್ಲ. ಮೇಲ್ಮನವಿ ಇಲ್ಲದಿರುವುದರಿಂದಲೇ ಬಲವಂತದ ರಾಜಿ ಆಗಕೂಡದು. ಬಡವನ ಕೈಯಿಂದ ಸಹಿ ಮಾಡಿಸುವ ಮೊದಲು ಷರತ್ತುಗಳನ್ನು ಬಿಡಿಸಿ ಹೇಳಬೇಕು.

ಇನ್ನು ಕಾಲ ತಂದ ಸವಾಲುಗಳು. 2024ರ ಜುಲೈ 1ರಿಂದ 1860ರ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 511 ಕಲಂಗಳಿದ್ದದ್ದು 358 ಆಗಿದೆ. ಹಳ್ಳಿಯ ಮಕ್ಕಳ ಬಾಯಲ್ಲೂ ಇದ್ದ 420 ಈಗ 318 ಆಗಿದೆ, 302 ಈಗ 103. ಆದರೆ ಆ ದಿನಕ್ಕೆ ಮೊದಲು ನಡೆದ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅನ್ವಯ. ಹಾಗಾಗಿ ಇನ್ನೂ ಹಲವು ವರ್ಷ ವಕೀಲರು ಎರಡು ಪುಸ್ತಕ ಹೊರಬೇಕು. ಮೂವತ್ತು ವರ್ಷದ ಅನುಭವಿಯೂ ಈಗ ವಿದ್ಯಾರ್ಥಿ. ಓದುವುದನ್ನು ಬಿಟ್ಟವನು ಹಿಂದೆ ಬಿದ್ದ.

ಮೊಬೈಲ್ ಬಂದಿದೆ. ಪ್ರತಿ ಪ್ರಕರಣಕ್ಕೂ 16 ಅಂಕಿ ಅಕ್ಷರಗಳ ಒಂದು ಸಿಎನ್ಆರ್ ಸಂಖ್ಯೆ ಇರುತ್ತದೆ. ಅದನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ತಾರೀಖು, ಹಿಂದಿನ ಆದೇಶ ಎಲ್ಲ ಕಾಣುತ್ತದೆ. ಊರಿನವರೇ, ನಿಮ್ಮ ವಕೀಲರ ಹತ್ತಿರ ಆ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಓದು ಬರುವ ಮಗಳು, ಮೊಮ್ಮಗ ನೋಡಿ ಹೇಳುತ್ತಾರೆ. ಕೇಳಿದರೆ ಒಳ್ಳೆಯ ವಕೀಲ ಬೇಸರ ಮಾಡಿಕೊಳ್ಳುವುದಿಲ್ಲ. ಅದೇ ರೀತಿ ಕೃತಕ ಬುದ್ಧಿಮತ್ತೆ ಬಂದಿದೆ. 2023ರಲ್ಲಿ ನ್ಯೂಯಾರ್ಕ್‌ನಲ್ಲಿ ಇಬ್ಬರು ವಕೀಲರು ಚಾಟ್‌ಜಿಪಿಟಿ ಕೊಟ್ಟ, ಎಲ್ಲೂ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದ್ದು ಬಯಲಾಗಿ, ಅವರಿಗೂ ಅವರ ಸಂಸ್ಥೆಗೂ ಸೇರಿ 5,000 ಡಾಲರ್ ದಂಡ ಬಿತ್ತು. ಯಂತ್ರ ಬರೆದು ಕೊಡಬಹುದು, ಆದರೆ ಕೆಳಗೆ ಸಹಿ ಹಾಕುವವನು ವಕೀಲ. ಮೂಲ ತೀರ್ಪು ತೆರೆದು ಓದದೆ ಸಹಿ ಹಾಕಬಾರದು.

ಫೀಸಿನ ಬಗ್ಗೆಯೂ ಮುಚ್ಚುಮರೆ ಬೇಡ. ಭೂಸ್ವಾಧೀನದ ಪರಿಹಾರ, ಅಪಘಾತದ ಪರಿಹಾರ ಬಂದಾಗ ಅದರಲ್ಲಿ ಇಷ್ಟು ಪಾಲು ಎಂದು ಮಾತಾಡಿಕೊಳ್ಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಕೈಯೋ ಕಾಲೋ ಕಳೆದುಕೊಂಡವನ ಹಣದಲ್ಲಿ ವಕೀಲ ಪಾಲುದಾರನಲ್ಲ. ದುಡಿಮೆಗೆ ತಕ್ಕ ಫೀಸು ಕೇಳುವುದು ಹಕ್ಕು, ಪಾಲು ಕೇಳುವುದು ತಪ್ಪು. ಹಾಗೆಯೇ ಹಿರಿಯ ವಕೀಲರಿಗೆ ಒಂದು ಕರ್ತವ್ಯ. ಹಳ್ಳಿಯಿಂದ ಬಂದ ಕಿರಿಯ ವಕೀಲ ಬಾಡಿಗೆ ಕೋಣೆಯಲ್ಲಿದ್ದು, ಅರ್ಧ ಹೊಟ್ಟೆಯಲ್ಲಿ ಕೆಲಸ ಕಲಿಯುತ್ತಾನೆ. 2024ರ ಅಕ್ಟೋಬರ್‌ನಲ್ಲಿ ಪರಿಷತ್ತು, ಗ್ರಾಮೀಣ ಭಾಗದ ಕಿರಿಯರಿಗೆ ತಿಂಗಳಿಗೆ ಕನಿಷ್ಠ 15,000 ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿದೆ. ತಾಲ್ಲೂಕು ಮಟ್ಟದಲ್ಲಿ ಅಷ್ಟು ಕೊಡುವುದು ಎಲ್ಲರಿಗೂ ಆಗದಿರಬಹುದು. ಆದರೆ ಏನೂ ಕೊಡದೆ ದುಡಿಸಿಕೊಳ್ಳುವ ರೂಢಿ ಹೋಗಬೇಕು. ಹಸಿದವನಿಗೆ ನೀತಿಪಾಠ ಹೇಳಿದರೆ ನಿಲ್ಲುವುದಿಲ್ಲ.

ಮಕ್ಕಳೇ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ವೃತ್ತಿ ದೂರ ಎಂದುಕೊಳ್ಳಬೇಡಿ. ಹೈಕೋರ್ಟಿನಲ್ಲಿ ಇಂಗ್ಲಿಷ್ ಬೇಕು, ಕಲಿಯಿರಿ. ಆದರೆ ತಾಲ್ಲೂಕು ಕೋರ್ಟಿನ ಸಾಕ್ಷಿಕಟ್ಟೆಯಲ್ಲಿ ನಿಂತ ರೈತನ ಮಾತಿನ ಒಳಮರ್ಮ ತಿಳಿಯಲು ಈ ನೆಲದ ಕನ್ನಡವೇ ಬೇಕು. ಬಳ್ಳಾರಿಯಲ್ಲಿ ವಕೀಲಿ ಮಾಡಿದ ಮಂಜುಳಾ ಚೆಲ್ಲೂರ್ ಅವರು ಮುಂದೆ ಕೇರಳ, ಕಲ್ಕತ್ತಾ, ಬಾಂಬೆ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾದರು. ಹೂವಿನಹಡಗಲಿಯಲ್ಲಿ ವಕೀಲರಾಗಿದ್ದ ಎಂ.ಪಿ. ಪ್ರಕಾಶ್ ಅವರು ಊರಿನಲ್ಲಿ ರಂಗಭಾರತಿ ಕಟ್ಟಿ ನಾಟಕ ಬೆಳೆಸಿದರು, ರಾಜ್ಯದ ಉಪಮುಖ್ಯಮಂತ್ರಿಯೂ ಆದರು. ಇಬ್ಬರೂ ನಮ್ಮ ಈ ಬಿಸಿಲ ಸೀಮೆಯಿಂದಲೇ ಹೊರಟವರು.

ಕೊನೆಯದಾಗಿ, ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮ ಇರಿಸಿದ ಸ್ಮಾರಕವಿದೆ. ಅಕ್ಟೋಬರ್ 2 ಮತ್ತು ಜನವರಿ 30ರಂದು ನಾವು ಅಲ್ಲಿಗೆ ಹೂವು ಒಯ್ಯುತ್ತೇವೆ. ಅವರು ನಮ್ಮದೇ ವೃತ್ತಿಯವರು ಎಂಬುದನ್ನು ಮಾತ್ರ ಮರೆಯುತ್ತೇವೆ. 1893ರಲ್ಲಿ ಅವರು ದಕ್ಷಿಣ ಆಫ್ರಿಕಾಕ್ಕೆ ಹೋದದ್ದೇ ದಾದಾ ಅಬ್ದುಲ್ಲಾ ಎಂಬ ವ್ಯಾಪಾರಿಯ ಮೊಕದ್ದಮೆಯ ಕೆಲಸಕ್ಕೆ. ಎದುರಾಳಿ ತೈಯಬ್ ಸೇಠ್ ಆತನ ಸಂಬಂಧಿಕ, ಒಂದೇ ಊರಿನವರು. ತಮ್ಮ ಕಕ್ಷಿದಾರನ ಪಕ್ಷ ಬಲವಾಗಿದೆ ಎಂದು ಗಾಂಧೀಜಿಗೆ ಗೊತ್ತಿತ್ತು. ಆದರೂ ಮೊಕದ್ದಮೆ ಎಳೆದರೆ ಇಬ್ಬರೂ ಹಾಳಾಗುತ್ತಾರೆ ಎಂದು ಕಂಡು, ಇಬ್ಬರನ್ನೂ ಒಪ್ಪಿಸಿ ಪಂಚಾಯ್ತಿಗೆ ತಂದರು. ಅಬ್ದುಲ್ಲಾ ಗೆದ್ದರು. ಪೂರ್ತಿ ಹಣ ಒಂದೇ ಸಲ ಕಟ್ಟಬೇಕಾಗಿ ಬಂದರೆ ಸೋತವನು ದಿವಾಳಿಯಾಗುತ್ತಿದ್ದ. ಗಾಂಧೀಜಿ ಅಲ್ಲಿಗೇ ಬಿಡದೆ, ಕಂತಿನಲ್ಲಿ ತೆಗೆದುಕೊಳ್ಳುವಂತೆ ಗೆದ್ದವರನ್ನೇ ಒಪ್ಪಿಸಿದರು. ರಾಜಿಗೆ ಒಪ್ಪಿಸಿದ್ದಕ್ಕಿಂತ ಇದು ಕಷ್ಟವಾಯಿತು ಎಂದು ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡಿದ್ದಾರೆ.

ಆ ಮೊಕದ್ದಮೆಯಲ್ಲಿ ಗೆದ್ದವನು ಸೋಲಲಿಲ್ಲ, ಸೋತವನು ಸಾಯಲಿಲ್ಲ. ವಕೀಲ ಮನಸ್ಸು ಮಾಡಿದರೆ ನಮ್ಮ ಗಾದೆಯನ್ನು ಸುಳ್ಳು ಮಾಡಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ನನಗೆ ಗೊತ್ತಿಲ್ಲ. ಕರಿಕೋಟು ತೊಟ್ಟ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಬಿನ್ನಹ ಇಷ್ಟೆ. ತಿಂಗಳಿಗೆ ಒಂದು ಶನಿವಾರ ಈ ಶಾಲೆಗೆ ಬನ್ನಿ. ಊರಿನವರು ಕಾಗದ ತರಲಿ, ಓದಿ ನಿಜ ಹೇಳೋಣ. ಸುವರ್ಣ ಮಹೋತ್ಸವಕ್ಕೆ ಕಟ್ಟಡದ ದೇಣಿಗೆಯ ಜೊತೆ ಇದೂ ನಮ್ಮ ಒಂದು ದೇಣಿಗೆಯಾಗಲಿ.